ಕುದುರೆಯ ಬಲ ಮಗ್ಗುಲು

ನನ್ನ ಅಂಗೈಯಷ್ಟು ಕುದುರೆಗೊಂಬೆಯ ಫೋಟೋ ತೆಗೆಯುವುದಕ್ಕಾಗಿ ಮೊನ್ನೆ ನಾನು ಒಂದು ಕರಡಿಯನ್ನು ಪಕ್ಕಕ್ಕೆ ಸರಿಸಿದೆ. "ಸ್ವಲ್ಪ ಆ ಕಡೆ ಹೋಗಪ್ಪ, ಬೆಳಕಿಗೆ ಅಡ್ಡ ನಿಂತಿದೀಯ" ಅಂದೆ, ಹೋಯಿತು. ಹೋಗುವಾಗ ಕ್ಷಮೆಯನ್ನೂ ಕೇಳಿತು ಅಂದರೆ ನೀವು ನಂಬುವುದಿಲ್ಲ, ಆದ್ದರಿಂದ ಅದನ್ನು ಹೇಳುವುದಿಲ್ಲ.

"ಫೋಟೋದಲ್ಲಿ ಕರಡಿ ಎಲ್ಲಯ್ಯಾ, ಡೆಲ್ಮರ್?" ಅಂದ ಫ್ಲಾಯ್ಡ್, ಬಾಯಿ ತುಂಬ ಹಕಲ್‌ಬೆರಿ ಹಣ್ಣಿನ ಪೈ ಇಟ್ಟುಕೊಂಡು.

"ನಾಚಿಕೊಂಡು ಮರದ ಹಿಂದೆ ನಿಂತಿದೆ."

ಎದುರಿಗೆ ಕೂತಿದ್ದ ಆರ್ಡಿತ್ ನಗಲಿಲ್ಲ. ನಮ್ಮ ಮೊಂಟಾನಾದ ಈ ಊರಲ್ಲಿ ಕೈಯಿಂದ ಬಣ್ಣ ಬರೆದ ಕುದುರೆಗಳನ್ನು ಕೂಡಿಡುವ ಹುಚ್ಚರು ನಾವು ಮೂವರೇ. ಶನಿವಾರ ಬೆಳಗ್ಗೆ ಇದೇ ಹೋಟೆಲಿನ ಮೂಲೆ ಮೇಜಿನಲ್ಲಿ ಸೇರುತ್ತೇವೆ. ವಾರಕ್ಕೊಂದು ವಿಷಯ ಕೊಡುವವಳು ಆರ್ಡಿತ್. ಒಮ್ಮೆ 'ಹಿಮ', ಒಮ್ಮೆ 'ತುಕ್ಕು', ಒಮ್ಮೆ 'ಅಮ್ಮನ ಅಡುಗೆಮನೆ'. ಅದಕ್ಕೆ ತಕ್ಕ ಜಾಗದಲ್ಲಿ ಕುದುರೆಯನ್ನು ನಿಲ್ಲಿಸಿ, ಫೋಟೋ ತೆಗೆದು, ಮೂವರ ಗುಂಪಿಗೆ ಕಳಿಸಬೇಕು. ನನ್ನ ಫೋಟೋಗಳನ್ನು ನೋಡಿ ಸುತ್ತಲಿನ ಊರುಗಳ ಛಾಯಾಗ್ರಾಹಕರೆಲ್ಲ ಕ್ಯಾಮೆರಾ ಮಾರಿ ಮೀನು ಹಿಡಿಯಲು ಹೋಗಿದ್ದಾರೆ.

ಈ ವಾರದ ವಿಷಯ ಮಾತ್ರ ನನ್ನ ಎದೆಗೇ ಗುರಿಯಿಟ್ಟದ್ದು. 'ಬಲ ಮಗ್ಗುಲು'.

ಕುದುರೆ ಆರ್ಡಿತ್ ಕೊಟ್ಟದ್ದು. ನಾನು ಲಾರಿ ಓಡಿಸುವುದನ್ನು ಬಿಟ್ಟ ದಿನ, ಎರಡೂ ಮಗ್ಗುಲಿಗೆ ಹಾರುವ ಕೊಕ್ಕರೆಗಳನ್ನು ತಾನೇ ಬರೆದು ನನ್ನ ಕೈಗಿಟ್ಟಿದ್ದಳು. ಇತ್ತೀಚೆಗೆ ಅವಳ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ಹಿಮವಿರಲಿ, ತುಕ್ಕಿರಲಿ, ನನ್ನ ಕುದುರೆ ತೋರಿಸುವುದು ಎಡ ಮಗ್ಗುಲನ್ನೇ.

"ಮುರಿದಿದೀಯಾ?" ಅಂತ ಕಳೆದ ವಾರವೇ ಕೇಳಿದ್ದಳು.

"ಛೆ! ಅದರ ಎಡ ಮುಖವೇ ಲಕ್ಷಣ ಕಣೇ. ಸಿನಿಮಾದವರೂ ಹಾಗೇ ಅಲ್ವಾ?"

"ಮಾರಿಕೊಂಡಿದೀಯಾ? ಬಿಲ್ಲಿಂಗ್ಸ್‌ನಲ್ಲಿ ಗೊಂಬೆ ಕೊಳ್ತಾಳಲ್ಲ, ಆ ಹೆಂಗಸಿಗೆ ಕೊಟ್ಟು, ಹಳೇ ಫೋಟೋ ಹಾಕ್ತಿದೀಯಾ?"

"ಯಾವ ಹೆಂಗಸು? ಆ ಊರಲ್ಲಿ ನನಗೆ ಬಹಳ ಜನ ಇದ್ದಾರೆ."

"ನೋಡು, ಶನಿವಾರದೊಳಗೆ ಬಲ ಮಗ್ಗುಲು ಕಾಣದಿದ್ರೆ ಕುದುರೆ ನನ್ನ ಕಪಾಟಿಗೆ ವಾಪಸ್ ಬರುತ್ತೆ. ತಮಾಷೆ ಅಲ್ಲ."

ತಮಾಷೆಯಲ್ಲ ಎಂದು ಅವಳ ಹುಬ್ಬು ನೋಡಿಯೇ ಗೊತ್ತಾಗಿತ್ತು. ಅದಕ್ಕೇ ಕಾಡಿಗೆ ಹೋದದ್ದು, ಕರಡಿಯನ್ನು ಸರಿಸಿದ್ದು. ಫೋಟೋ ನಿನ್ನೆಯೇ ಕಳಿಸಿದ್ದೆ. ಪಾಚಿಗಟ್ಟಿದ ಬಂಡೆ, ಅದರ ಮೇಲೆ ನನ್ನ ಕುದುರೆ, ಮೂತಿ ಈ ಸಲ ಬಲಕ್ಕೆ.

ಆರ್ಡಿತ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಫೋನಿನ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು. ನನ್ನ ಕಾಫಿ ತಣ್ಣಗಾಯಿತು.

"ಫ್ಲಾಯ್ಡ್, ತೊಡೆ ಹತ್ರ ಏನು ಬರೆದಿದೆ ಓದು."

ಫ್ಲಾಯ್ಡ್ ಕತ್ತು ಓರೆ ಮಾಡಿದ. ಆಮೇಲೆ ಇನ್ನೊಂದು ಕಡೆಗೆ ಓರೆ ಮಾಡಿದ. "ಇದ್ಯಾವ ಭಾಷೆಯಮ್ಮಾ? ರಷ್ಯನ್ನಾ?"

"ನನ್ನ ಹೆಸರು. ಹಿಂದುಮುಂದಾಗಿದೆ. ನಾನು ಹೆಸರು ಬರೆಯೋದು ಎಡ ತೊಡೆ ಮೇಲೆ ಮಾತ್ರ." ಅವಳು ಫೋನನ್ನು ಬೋರಲು ಹಾಕಿದಳು. "ಎಡಗಡೆ ಫೋಟೋನೇ ಕನ್ನಡಿ ಥರ ತಿರುಗಿಸಿ ಕಳಿಸಿದೀಯ, ಡೆಲ್ಮರ್. ಬರೆದವಳ ಹತ್ರಾನೇ ಈ ಆಟ!"

"ಕಾಡಿನ ಗಾಳಿ ಹೇಗಿತ್ತು ಅಂದ್ರೆ, ಅಕ್ಷರಗಳೇ ತಿರುಗಿ..."

"ಕುದುರೆ ತೆಗಿ."

ಅದು ಕೋಟಿನ ಜೇಬಿನಲ್ಲೇ ಇದೆಯೆಂದು ಅವಳಿಗೆ ಹೇಗೆ ಗೊತ್ತಾಯಿತೋ. ತೆಗೆದು ಮೇಜಿನ ಮೇಲಿಟ್ಟೆ, ಎಡ ಮಗ್ಗುಲನ್ನು ಅವಳ ಕಡೆಗಿಟ್ಟು. ಆರ್ಡಿತ್ ಕೈಚೀಲದಿಂದ ಬಿಳಿ ಹತ್ತಿಯ ಗವಸು ತೆಗೆದು ಎರಡೂ ಕೈಗೆ ಹಾಕಿಕೊಂಡಳು. ಬಣ್ಣದ ಕುದುರೆಯನ್ನು ಬರಿಗೈಯಲ್ಲಿ ಮುಟ್ಟುವುದು ನಮ್ಮಲ್ಲಿ ಮಹಾಪರಾಧ. ಬೆವರು ಬಣ್ಣವನ್ನು ತಿನ್ನುತ್ತದೆ. ಗವಸಿನ ಬೆರಳುಗಳಿಂದ ಅವಳು ಕುದುರೆಯನ್ನು ಮೆಲ್ಲಗೆ ತಿರುಗಿಸಿದಳು.

ಬಲ ಮಗ್ಗುಲಲ್ಲಿ ಕೊಕ್ಕರೆಗಳಿರಲಿಲ್ಲ. ಪಕ್ಕೆಯ ಮೇಲೆ ಬಣ್ಣವೆಲ್ಲ ಹೋಗಿ, ಒಳಗಿನ ಬಿಳಿ ಪಿಂಗಾಣಿ ನುಣ್ಣಗೆ ಹೊಳೆಯುತ್ತಿತ್ತು.

"ಏನು ಹಾಕಿ ಉಜ್ಜಿದೆ?" ಅವಳ ದನಿ ಸಣ್ಣದಾಯಿತು. "ಟರ್ಪೆಂಟೈನಾ? ನನ್ನ ಕೊಕ್ಕರೆಗಳು ಅಷ್ಟು ಕೆಟ್ಟದಾಗಿದ್ವಾ?"

ಸಿಡಿಲು ಬಡಿದ ಕಥೆ ನಾಲಿಗೆಯ ತುದಿಗೆ ಬಂದಿತ್ತು. ಒಳ್ಳೆಯ ಕಥೆ, ಅದರಲ್ಲಿ ಒಂದು ಹದ್ದೂ ಇತ್ತು. ಅವಳ ಮುಖ ನೋಡಿ ಅದನ್ನು ನುಂಗಿಕೊಂಡೆ.

"ಉಜ್ಜಲಿಲ್ಲ ಕಣೇ. ಹಿಡ್ಕೊಂಡಿದ್ದೆ."

"ಹಿಡ್ಕೊಂಡ್ರೆ ಇಷ್ಟು ಹೋಗುತ್ತಾ?"

"ಎದೆ ಡಾಕ್ಟರ ಹತ್ರ ಹೋಗ್ತಿರ್ತೀನಲ್ಲ... ನಿಮಗೆ ಹೇಳಿಲ್ಲ. ಹೊರಗೆ ಕೂರಿಸ್ತಾರೆ. ಹೆಸರು ಕೂಗೋ ತನಕ ಜೇಬಲ್ಲಿ ಕೈ ಹಾಕಿ ಇದನ್ನ ಹಿಡ್ಕೊಂಡಿರ್ತೀನಿ. ಭಯ ಆಗುತ್ತೆ, ಆರ್ಡಿತ್. ಗವಸು ಹಾಕ್ಕೊಂಡೂ ನೋಡಿದೆ, ಭಯ ಹೋಗಲ್ಲ."

ಫ್ಲಾಯ್ಡ್ ಚಮಚ ಕೆಳಗಿಟ್ಟ. ಆರ್ಡಿತ್ ನನ್ನ ಬಲಗೈಯನ್ನು ಎಳೆದುಕೊಂಡು ಕುದುರೆಯನ್ನು ಅದರೊಳಗಿಟ್ಟಳು. ಹೆಬ್ಬೆರಳು ತಾನಾಗಿಯೇ ಆ ಬಿಳಿಯ ಮೇಲೆ ಹೋಗಿ ಕೂತಿತು, ಎಳ್ಳಷ್ಟೂ ಜಾಗ ಬಿಡದ ಹಾಗೆ. ಉಗುರಿನ ಆಚೆ, ಕತ್ತಿನ ಹತ್ತಿರ, ಒಂದೇ ಒಂದು ಕೊಕ್ಕರೆಯ ಕೊಕ್ಕು ಮಾತ್ರ ಉಳಿದಿತ್ತು.