ಹರಿದ ಅಧ್ಯಾಯ

ಕಣ್ಣು ಕಾಣದ ಗುರುಪಾದನಿಗೆ ವಿಶ್ವವಿದ್ಯಾಲಯದ ಲೈಬ್ರರಿಯೆಂದರೆ ಸಂಗಮೇಶನ ದನಿ. ಎಂ.ಎ. ಮುಗಿಯುವವರೆಗೂ ದಿನಾ ಮಧ್ಯಾಹ್ನ ಪಕ್ಕದಲ್ಲಿ ಕೂತು, ಇಬ್ಬರಿಗೂ ಬೇಕಾದ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳಿದವನು ಈ ಸಹಪಾಠಿಯೇ.

ಭೂಕಂದಾಯದ ಇತಿಹಾಸ ಓದುವಾಗ ಮಾತ್ರ ಐದನೇ ಅಧ್ಯಾಯ ಮುಗಿಯುತ್ತಲೇ ಅವನು ಥಟ್ಟನೆ ನಿಲ್ಲಿಸಿದ್ದ.

"ಆರನೇದು ಇಲ್ಲಲೇ! ಯಾವನೋ ಹಾಳಿ ಹರಕೊಂಡು ಹೋಗ್ಯಾನ. ಅವನ ಕೈ ಸೇದಿಹೋಗ್ಲಿ!"

ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆ ಬಂದದ್ದು ಅದೇ ಅಧ್ಯಾಯದಿಂದ. ಗುರುಪಾದ ಉತ್ತರ ಬಿಟ್ಟು ಬಂದ.

"ನಾನೂ ತೋಚಿದ್ದು ಗೀಚಿ ಬಂದೆ," ಎಂದಿದ್ದ ಸಂಗಮೇಶ.

ಚಿನ್ನದ ಪದಕ ಸಂಗಮೇಶನಿಗೆ ಬಂತು. ಗುರುಪಾದ ಎರಡನೆಯವನಾದ. "ಆ ಹಾಳಿ ಇದ್ದಿದ್ರ ಪದಕ ನಿಂದ ಆಗ್ತಿತ್ತು," ಎಂದು ಸಂಗಮೇಶ ಗೆಳೆಯನನ್ನು ತಬ್ಬಿಕೊಂಡಿದ್ದ.

ಈ ವರ್ಷ ಲೈಬ್ರರಿಗೆ, ಪುಸ್ತಕ ತೆರೆದಿಟ್ಟರೆ ತಾನೇ ಓದಿ ಹೇಳುವ ಯಂತ್ರ ಬಂತು. ಸಂಗಮೇಶನೇ ಹೆಗಲ ಮೇಲೆ ಕೈಹಾಕಿ ಗುರುಪಾದನನ್ನು ಕರೆತಂದ.

"ಯಾವ ಪುಸ್ತಕ ಇಡ್ಲಿ?" ಲೈಬ್ರೇರಿಯನ್ ಮೇಡಂ ಕೇಳಿದರು.

"ಆ ಭೂಕಂದಾಯದ್ದ ಇಡ್ರಿ," ಗುರುಪಾದ ನಕ್ಕ. "ಆದ್ರ ಅದರಾಗ ಆರನೇ ಅಧ್ಯಾಯ ಇಲ್ರಿ, ಯಾರೋ ಹರದಾರ."

ಮೇಡಂ ಪುಸ್ತಕ ತಂದು ಪುಟ ತಿರುವಿದ ಸದ್ದು ಕೇಳಿಸಿತು.

"ಯಾರು ಹೇಳಿದ್ರು ನಿಮಗ? ನಮ್ಮಲ್ಲಿ ಮೊದಲಿಂದ ಇರೋದು ಇದೊಂದ ಪ್ರತಿ. ಒಂದ ಹಾಳಿನೂ ಹರದಿಲ್ಲ."

"ಅಧ್ಯಾಯ ಆರು," ಎಂದು ಯಂತ್ರ ಓದತೊಡಗಿತು.

ಗುರುಪಾದನ ಹೆಗಲ ಮೇಲಿದ್ದ ಕೈ ಮೆಲ್ಲಗೆ ಸರಿಯಿತು.