ಸೇತುವೆಯ ಈಚೆಗೊಂದು, ಆಚೆಗೊಂದು

"ಹೆಣ್ಣು ನೋಡೋಕೆ ಹೊರಟಿದ್ದೀರೋ, ಕಳ್ಳನ್ನ ಹಿಡಿಯೋಕೋ?"

ವ್ಯಾನು ಓಡಿಸುತ್ತಿದ್ದ ಬಹ್ರಿನ್ ಕನ್ನಡಿಯಲ್ಲಿ ಹಿಂದಿನ ಸೀಟಿನವಳ ಕಪ್ಪು ಕನ್ನಡಕ ನೋಡಿ ಕೇಳಿದ.

"ಎರಡೂ ಒಂದೇ ಕೆಲಸ. ಹೇಳಿ ಹೋದ್ರೆ ನಿಜ ಸಿಗಲ್ಲ. ನೀವು ರಸ್ತೆ ನೋಡಿ," ಅಂದಳು ರುಗಾಯಾ.

ಮುವಾರ್ ಪೇಟೆಗೆಲ್ಲ ಅವಳು ಮಾಕ್ ಲೋಂಗ್, ಅಂದರೆ ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಊರಿನ ಮದುವೆಗಳೇ ಅವಳ ಸಂಸಾರ. ಮಾತುಕತೆಗೆ ಮೊದಲು ಗಂಡಿನ ಕಡೆಯ ಹೆಂಗಸು ಏನೋ ನೆಪ ಹೂಡಿ ಹೆಣ್ಣಿನ ಮನೆ ಹೊಕ್ಕು ಗುಟ್ಟಾಗಿ ಅಳೆದು ಬರಬೇಕು. ಗಂಡು ಮಾತ್ರ ಆ ಹೊಸ್ತಿಲು ತುಳಿಯುವ ಹಾಗಿಲ್ಲ. ಹಾಗೆ ಅಳೆಯುವುದರಲ್ಲಿ ರುಗಾಯಾಳ ಕಣ್ಣಿಗೆ ಸರಿಸಾಟಿ ಇರಲಿಲ್ಲ.

ಈ ಸಲ ಅವಳ ಸ್ವಂತದ್ದೇ ಕೆಲಸ. ತಾಯಿಯಿಲ್ಲದ ತಂಗಿಮಗ ಅಝ್ಲಾನ್‌ನನ್ನು ಸಾಕಿದವಳು ಅವಳೇ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ ಹುಡುಗ ಹೋದ ವಾರ ಇದ್ದಕ್ಕಿದ್ದಂತೆ ಎರಡು ಹೆಸರು ಹೇಳಿದ್ದ. ಸುರಯಾ ಜೊಹೋರ್ ಬಾರುವಿನವಳು. ಮೆಲಾತಿ ಗಡಿಯ ಸೇತುವೆಯಾಚೆ ಸಿಂಗಾಪುರದವಳು. "ಒಂದೇ ಪ್ರಯಾಣದಲ್ಲಿ ಎರಡೂ ಊರು ಮುಗಿಯುತ್ತೆ. ನೀವು ನೋಡಿ ಬನ್ನಿ, ಆಮೇಲೆ ಮಾತು," ಅಂದಿದ್ದ. ಡ್ರೈವರು ಸಿಗದೆ, ಅಝ್ಲಾನ್ ಕೆಲಸ ಮಾಡುವ ಗ್ಯಾರೇಜಿನ ಮಾಲೀಕ ಬಹ್ರಿನ್ ತಾನೇ ವ್ಯಾನು ತಂದಿದ್ದ.

ರುಗಾಯಾಗೆ ಒಳಗೊಳಗೇ ಅಳುಕು. ಆಯ್ಕೆ ತಪ್ಪಿದರೆ ಹುಡುಗನ ಬಾಳು ಹಾಳು. ಸರಿಹೋದರೆ ಅವನು ಹೆಂಡತಿಯ ಕೈ ಹಿಡಿದು ಹೊರಡುತ್ತಾನೆ, ಉಳಿಯುವುದು ಅವಳು ಮತ್ತು ಟಿವಿ.

ಸುರಯಾ ಬಟ್ಟೆ ಹೊಲಿಯುವವಳು. ರುಗಾಯಾ ರವಿಕೆ ಅಳತೆಯ ನೆಪ ಹೂಡಿದಳು. ಅಂಗಳ ಚೊಕ್ಕಟ. ಬಾಗಿಲಲ್ಲಿ ಮಾತ್ರ ಪುಟ್ಟ ಮಗುವಿನ ಒಂದು ಚಪ್ಪಲಿ. "ಪಕ್ಕದ ಮನೇದು," ಅಂದು ಹುಡುಗಿ ಅದನ್ನು ಕಾಲಲ್ಲೇ ಒಳಗೆ ತಳ್ಳಿದಳು.

ಊಟದ ಹೊತ್ತು. ಹುಣಸೆಹುಳಿಯ ಮೀನುಸಾರು ಬಡಿಸಿದಳು. ಅದರಲ್ಲಿ ಅನಾನಸ್ ಚೂರು! ರುಗಾಯಾ ಹುಬ್ಬೇರಿಸಿದಳು, ಆಮೇಲೆ ಎರಡನೇ ಸಲ ಬಡಿಸಿಕೊಂಡಳು.

"ಮಾಕ್ ಲೋಂಗ್, ಬೆಕ್ಕು ಅಂದ್ರೆ ನಿಮಗೆ ಆಗುತ್ತಾ? ಸಿಟ್ಟು ಬಂದ್ರೆ ಎಷ್ಟು ಹೊತ್ತು ಇರುತ್ತೆ?"

"ಅಳತೆಗೂ ಸಿಟ್ಟಿಗೂ ಏನಮ್ಮಾ ಸಂಬಂಧ?"

"ಸಿಟ್ಟು ಬಂದ್ರೆ ಎದೆ ಉಬ್ಬುತ್ತಲ್ಲ, ರವಿಕೆ ಬಿಗಿಯಾಗುತ್ತೆ."

ರುಗಾಯಾ ನಕ್ಕುಬಿಟ್ಟಳು. ಚುರುಕಿನ ಹುಡುಗಿ. ಹೊರಗೆ ಬಂದರೆ ಆ ಮನೆಯ ಬೆಕ್ಕು ವ್ಯಾನಿನಲ್ಲಿ ಬಹ್ರಿನ್‌ನ ತೊಡೆಯೇರಿ ಗೊರಗುಟ್ಟುತ್ತಿತ್ತು.

"ಬೆಕ್ಕಿಗೆ ಒಳ್ಳೆಯವರ ಗುರುತು ಬೇಗ ಸಿಗುತ್ತೆ," ಅಂದ ಅವನು.

ಸೇತುವೆಯ ಮೇಲೆ ವ್ಯಾನು ಆಮೆಯಾಯಿತು. ಬಹ್ರಿನ್ ಪ್ಲಾಸ್ಟಿಕ್ ಚೀಲದ ತಣ್ಣನೆಯ ಟೀಗೆ ಸ್ಟ್ರಾ ಚುಚ್ಚಿದ. ರುಗಾಯಾ ಹಿಂದಿನಿಂದ ಕೈಚಾಚಿ ಕಿತ್ತುಕೊಂಡಳು.

"ಸಕ್ಕರೆ ಕಾಯಿಲೆ ಮಾತ್ರೆ ಕಣ್ಣೆದುರಿಗೇ ಇಟ್ಟುಕೊಂಡು ಪಾಯಸ ಕುಡೀತೀರಲ್ಲ! ಮನೇಲಿ ಹೇಳೋರು ಕೇಳೋರು ಇಲ್ವಾ?"

"ಇದ್ದಳು. ಹೋಗಿ ನಾಲ್ಕು ವರ್ಷವಾಯ್ತು."

ಅವಳಿಗೆ ಪಿಚ್ಚೆನಿಸಿತು. ಆದರೂ ಟೀ ವಾಪಸು ಕೊಡಲಿಲ್ಲ, ತಾನೇ ಕುಡಿದಳು.

ಮೆಲಾತಿ ಫ್ಲ್ಯಾಟಿನಲ್ಲೇ ತಿಂಡಿ ಮಾಡಿ ಮಾರುವವಳು. ಗಿರಾಕಿಯಾಗಿ ಹೋದ ರುಗಾಯಾಗೆ "ರುಚಿ ನೋಡಿ" ಅಂತ ಬಟ್ಟಲಲ್ಲಿ ಮೀನುಸಾರೂ ಬಂತು. ಅದರಲ್ಲೂ ಅನಾನಸ್! ಎರಡು ದೇಶ, ಒಂದೇ ಕೈರುಚಿ. ಈಗಿನ ಹುಡುಗಿಯರೆಲ್ಲ ಫೋನು ನೋಡಿ ಅಡುಗೆ ಕಲಿಯುತ್ತಾರೆ ಅಂದುಕೊಂಡಳು.

"ಮಾಕ್ ಲೋಂಗ್, ಗೊರಕೆ ಹೊಡೆಯೋರ ಮನೇಲಿ ನಿಮಗೆ ನಿದ್ದೆ ಬರುತ್ತಾ?" ಕೇಳಿದಳು ಮೆಲಾತಿ.

"ನನ್ನ ಗಂಡನ ಗೊರಕೆಗೆ ಹೆಂಚು ಹಾರ್ತಿತ್ತು. ಈಗ ಮನೆ ನಿಶ್ಶಬ್ದ. ಅದಕ್ಕೇ ನಿದ್ದೆ ಬರಲ್ಲ ನೋಡು," ಅಂದಳು ರುಗಾಯಾ. ಯಾರಿಗೂ ಹೇಳದ ಮಾತು ಅದು ಹೇಗೆ ಬಾಯಿಂದ ಜಾರಿತೋ. ಮೆಲಾತಿ ಅವಳ ಕೈ ಹಿಡಿದುಕೊಂಡಳು.

ವಾಪಸು ಬರುವಾಗ ಬಹ್ರಿನ್ ಕೆದಕಿದ. "ಯಾರು ಒಪ್ಪಿಗೆ?"

"ಇಬ್ಬರೂ. ಏನ್ಮಾಡೋದು, ಗಂಡು ಒಂದೇ ತಾನೇ?"

"ಹೌದು, ಗಂಡು ಒಂದೇ. ಅವರಿಗೆ ನೀವು ಹಿಡಿಸಿದ್ರೋ ಇಲ್ವೋ?"

"ನನ್ನ ಕಟ್ಟಿಕೊಂಡು ಅವರಿಗೇನು? ರಸ್ತೆ ನೋಡಿ!"

ಮುಂದಿನ ಶುಕ್ರವಾರ ಮಧ್ಯಾಹ್ನ ಅವಳ ಬಾಗಿಲಲ್ಲಿ ಅದೇ ವ್ಯಾನು ನಿಂತಿತು. ಸುರಯಾ ಇಳಿದಳು, ಕಂಕುಳಲ್ಲಿ ಒಂದು ಮಗು. ಹಿಂದೆಯೇ ಮೆಲಾತಿ, ಕೈಯಲ್ಲಿ ವೀಳ್ಯದ ತಟ್ಟೆ, ನಡುವೆ ಉಂಗುರದ ಡಬ್ಬಿ. ಚಾಪೆಯ ಮೇಲೆ ಕೂತು ಸುರಯಾ ಗಂಟಲು ಸರಿಮಾಡಿಕೊಂಡಳು.

"ನಿಮ್ಮ ತೋಟದಲ್ಲಿ ಒಂದು ಹೂವಿದೆ ಅಂತ ಕೇಳಿ ಬಂದಿದ್ದೀವಿ. ಯಾರಾದರೂ ಮುಡಿದಿದ್ದಾರಾ?"

ರುಗಾಯಾ ಗಾಬರಿಬಿದ್ದಳು. "ತಟ್ಟೆ ನಾವು ತರಬೇಕಲ್ವೇನ್ರಮ್ಮಾ? ಈ ಮನೇಲಿ ಹೆಣ್ಣೆಲ್ಲಿದೆ? ಇರೋದು ಗಂಡು!"

ಬಾಗಿಲ ಮರೆಯಲ್ಲಿ ಅಝ್ಲಾನ್ ನಗು ತಡೆಯಲಾರದೆ ಕೆಮ್ಮಿದ. "ನಿಮ್ಮನ್ನ ಒಂಟಿ ಬಿಟ್ಟು ನಾನು ಹೇಗೆ ಮದುವೆ ಆಗಲಿ, ಮಾಕ್ ಲೋಂಗ್?"

"ನಮಗಿಬ್ಬರಿಗೂ ಮದುವೆಯಾಗಿದೆ," ಅಂದಳು ಸುರಯಾ, ತಟ್ಟೆಯನ್ನು ಅವಳ ಮುಂದೆ ಸರಿಸುತ್ತ. "ನಾವು ಅಪ್ಪನಿಗೆ ಹೆಣ್ಣು ಕೇಳೋಕೆ ಬಂದಿರೋದು. ಹೊಸ್ತಿಲು ತುಳಿಯಬಾರದು ಅಂತ ಅವರು ಅವತ್ತಿನ ಹಾಗೇ ವ್ಯಾನಲ್ಲಿ ಕೂತಿದ್ದಾರೆ."

ರುಗಾಯಾ ಎದ್ದು ಒಳಗೆ ಹೋದಳು. ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ಒಂದು ಲೋಟ ಟೀ ಹಿಡಿದು ಬಂದ ರುಗಾಯಾ ಯಾರತ್ತಲೂ ನೋಡದೆ ನೇರ ವ್ಯಾನಿನ ಕಿಟಕಿಗೆ ನಡೆದಳು.

ಬಹ್ರಿನ್ ಒಂದು ಗುಟುಕು ಕುಡಿದು ಮುಖ ಕಿವಿಚಿದ. ಸಕ್ಕರೆ ಒಂದು ಹರಳೂ ಇರಲಿಲ್ಲ.