ಬಲಗಾಲಿಯ ಕಟಕ್

ಸಿಂದಗಿ ರಸ್ತೆಯ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದವನೇ ಚೇತನಕುಮಾರ ಕೀಲಿಕೈಯನ್ನು ತನ್ನ ಜೇಬಿಗೆ ಇಳಿಸಿದ. ಪಕ್ಕದಲ್ಲಿದ್ದ ಹೆಂಡತಿ ಭಾಗ್ಯಜ್ಯೋತಿ ಅದನ್ನು ನೋಡಿದಳು. ವರ್ಷದಿಂದ ಆ ಕೀಲಿಕೈ ಅವಳ ಬಳಿಯೇ ಇತ್ತು. ದೇವರ ಹಿಪ್ಪರಗಿಯ ಮನೆಯಲ್ಲಿ ಬಡಿದ ಖಡಕ್ ರೊಟ್ಟಿಯನ್ನು ಸಿಂದಗಿ, ಬಸವನ ಬಾಗೇವಾಡಿಯ ಖಾನಾವಳಿಗಳಿಗೆ ಅವಳೇ ಕಾರಿನಲ್ಲಿ ಮುಟ್ಟಿಸುತ್ತಿದ್ದಳು. ಈಗ ಸ್ಟೇರಿಂಗ್ ತಿರುಗಿಸಿದರೆ ಸಾಕು, ಕೆಳಗೆಲ್ಲೋ ‘ಕಟಕ್’ ಅನ್ನುತ್ತದೆ. ಕಾರು ಮಾರಿಬಿಡುವುದೆಂದು ಗಂಡ ಪಟ್ಟು ಹಿಡಿದಿದ್ದ; ಮಧ್ಯಾಹ್ನ ಇಂಡಿ ಊರಿನಿಂದ ಗಿರಾಕಿಯೊಬ್ಬ ಕಾರು ನೋಡಲು ಬರುವವನಿದ್ದ. ಕಾರು ಹೋದರೆ ಅವಳ ದಂಧೆಯೂ ಹೋದಂತೆಯೇ.

“ಹೆಣ್ಮಕ್ಕಳ ಕೈಗೆ ಕೊಟ್ಟಿದ್ದ ತಪ್ಪಾತು ನೋಡ್ರಿ,” ಎಂದು ಚೇತನಕುಮಾರ ಮೆಕ್ಯಾನಿಕ್ ಯಾಕೂಬಸಾಬನ ಮುಂದೆ ದೂರು ತೆಗೆದ. “ನಿಂತ ಗಾಡಿಯೊಳಗ ಸ್ಟೇರಿಂಗ್ ತಿರುವ್ತಾಳ್ರಿ, ಸಂಡಿಗಿ ಹಿಟ್ಟು ತಿರುವಿದಂಗ!”

“ಅದಕ್ಕೂ ಆಗಿರಬಹುದು, ಆಗದನೂ ಇರಬಹುದು,” ಎಂದು ಯಾಕೂಬಸಾಬ ಅಡ್ಡಗೋಡೆಯ ಮೇಲೆ ದೀಪವಿಟ್ಟ. ಗಂಡಹೆಂಡಿರ ಜಗಳದಲ್ಲಿ ಕೈ ಹಾಕಿದರೆ ಹತ್ತುವ ಮಸಿ ಯಾವ ಸಾಬೂನಿಗೂ ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಭಾಗ್ಯಜ್ಯೋತಿಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನಲ್ಲಿ ಬಡಿದ ರೊಟ್ಟಿ ಹರಿಯುತ್ತದೆಂದು ಬಲ್ಲವಳು ಅವಳು. ಸಾವಕಾಶ ಕೆಳಗಿಳಿದು ಹೇಳಿದಳು: “ಕಾಕಾ, ತಿರುವಿದ್ರೂ ಕಟಕ್ ಅಂತೈತಿ, ಗುಂಡಿಯೊಳಗ ಇಳಿದ್ರೂ ಅಂತೈತಿ. ಬಲಗಡೆ ಗಾಲಿ ಹತ್ರ ಅಷ್ಟ. ನನ್ನ ಕೈಯಿಂದ ಕೆಟ್ಟಿದ್ರ ಎರಡೂ ಕಡೆ ಕೆಡಬೇಕಾಗಿತ್ತಲ್ರಿ?”

“ಕುಣೀಲಾರದಾಕಿ ಅಂಗಳ ಡೊಂಕ ಅಂದಿದ್ಲಂತ,” ಎಂದ ಗಂಡ.

“ಕುಣೀತೇನಿ, ನೋಡ್ರಿ. ನೀವು ಒಳಗ ಕುಂದರ್ರಿ. ಎಂಜಿನ್ ಹಚ್ಚಬ್ಯಾಡ್ರಿ, ಲಾಕ್ ಅಷ್ಟ ಬಿಡಸ್ರಿ. ನಾ ಅಂದಾಗ ಸ್ಟೇರಿಂಗ್ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಅಳ್ಳಾಡಸ್ರಿ.”

ಸೆರಗು ಸಿಕ್ಕಿಸಿ ಬಲಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತವಳು ಗಾಲಿಯ ಹಿಂದೆ ಕೈ ತೂರಿಸಿ, ಗಂಡ ಸ್ಟೇರಿಂಗ್ ಅಲುಗಿಸಿದಂತೆಲ್ಲ ಸಿಕ್ಕ ಸಿಕ್ಕ ಕೀಲಿನ ಮೇಲೆ ಅಂಗೈ ಇಟ್ಟು ನೋಡಿದಳು. ಒಂದು ಸುಮ್ಮನಿತ್ತು. ಇನ್ನೊಂದೂ ಸುಮ್ಮನಿತ್ತು. ಸ್ಟೇರಿಂಗಿನಿಂದ ಗಾಲಿಗೆ ಬರುವ ರಾಡಿನ ತುದಿಯನ್ನು ಹಿಡಿದಾಗ ಮಾತ್ರ ಒಳಗಿನ ಪೆಟ್ಟು ಅಂಗೈಗೆ ನೇರ ಬಡಿಯಿತು.

“ಸಿಕ್ತು ಕಾಕಾ!”

ಯಾಕೂಬಸಾಬ ಟಾರ್ಚ್ ಹಿಡಿದು ಕೆಳಗೆ ತೂರಿದ. “ಬರೋಬರಿ ಹಿಡದಿ ಬಿಡವಾ. ಕೀಲಿನ ಮ್ಯಾಲಿನ ರಬ್ಬರ್ ಟೊಪ್ಪಿಗಿ ಉಬ್ಬಿ ಹರದೈತಿ. ಒಳಗ ಮಣ್ಣು ಹೊಕ್ಕು ಕೀಲು ಸವದೈತಿ. ಖರೆ, ಇಲ್ಲಿ ಎಣ್ಣಿ ಎಲ್ಲಿಂದ ಬಂತು? ಎಡಗಡೆ ನೋಡಿದ್ರ ಒಣಾ ಐತಿ.”

ಭಾಗ್ಯಜ್ಯೋತಿ ಬೆರಳು ಮೂಸಿದಳು. ಕುಸುಬಿ ಎಣ್ಣೆ! ಅವಳ ಅಡುಗೆಮನೆಯದೇ. ಪ್ರತಿ ಅಮಾವಾಸ್ಯೆ ಕಾರಿನ ಪೂಜೆಗೆಂದು ಗಂಡ ಬಟ್ಟಲು ಒಡ್ಡುತ್ತಿದ್ದ. ದೀಪಕ್ಕೆ ಇರಬೇಕೆಂದು ಅವಳೇ ತುಂಬಿ ಕೊಡುತ್ತಿದ್ದಳು.

ಚೇತನಕುಮಾರ ಕಾರಿನಿಂದಿಳಿದು ಕತ್ತು ತುರಿಸಿಕೊಂಡ. “ನಮ್ಮಪ್ಪ ಅಮಾಸಿಗೊಮ್ಮೆ ಬಂಡಿಯ ಬಲಗಾಲಿ ಪೂಜಿ ಮಾಡಿ ಕೀಲಿಗೆ ಎಣ್ಣಿ ಬಿಡತಿದ್ದ. ನಾನೂ ಹಂಗ...”

“ಬಂಡಿಗೆ ರಬ್ಬರ್ ಟೊಪ್ಪಿಗಿ ಎಲ್ಲಿತ್ತೋ ಚೇತನಪ್ಪಾ!” ಯಾಕೂಬಸಾಬ ಹೊಟ್ಟೆ ಹಿಡಿದು ನಕ್ಕ. “ರಬ್ಬರಿಗೆ ಎಣ್ಣಿ ಅಂದ್ರ ವಿಷ!”

“ಮತ್ತ ನನ್ನ ಕೈ ಅಂದ್ರಿ?” ಭಾಗ್ಯಜ್ಯೋತಿ ಬಿಡಲಿಲ್ಲ. “ನಾ ಗಾಡಿ ಹೊಡ್ಯಾಕ ಹತ್ತಿದ ಮ್ಯಾಲೆ ಸಪ್ಪಳ ಬಂತು ಅಂದ್ರಿ?”

“ನೀ ಹೊಡ್ಯಾಕ ಹತ್ತಿದ ಮ್ಯಾಲೇನ ಎಣ್ಣಿ ಬಿಡಾಕ ಸುರು ಮಾಡಿದ್ನಿ,” ಎಂದ ಅವನು, ನೆಲ ನೋಡುತ್ತ. “ಒಬ್ಬಾಕಿನ ಅಷ್ಟು ದೂರ ಹೋಗ್ತಿ. ಗಾಡಿ ಕೈ ಕೊಡಬಾರದು ಅಂತ.”

ಅವಳಿಗೆ ನಗು ಬಂತು, ಅಯ್ಯೋ ಅನಿಸಿತು, ಗಂಡನ ಮೇಲೆ ಪ್ರೀತಿಯೂ ಉಕ್ಕಿತು. ಆದರೂ ಈ ಭಕ್ತಿಯನ್ನು ಹೀಗೇ ಬಿಟ್ಟರೆ ಎಡಗಾಲಿಯನ್ನೂ ತಿಂದೀತು ಎಂದು ಗಟ್ಟಿ ಮನಸ್ಸು ಮಾಡಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಹೊಸ ಕೀಲು ಕೂತಿತು, ಗಾಲಿಗಳ ನೇರವನ್ನೂ ಸರಿ ಮಾಡಿಸಿದ್ದಾಯಿತು. ಚೇತನಕುಮಾರ ರಸ್ತೆಯ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಇಳಿಸಿ ಬಂದ, ಎಲ್ಲೂ ಸಪ್ಪಳವಿಲ್ಲ. ಕೀಲಿಕೈ ಮತ್ತೆ ಅವನ ಜೇಬಿಗೇ ಇಳಿಯಿತು. ಅಷ್ಟರಲ್ಲಿ ಇಂಡಿಯ ಗಿರಾಕಿಯ ಫೋನು ಬಂತು. “ಬರಬ್ಯಾಡ್ರಿ. ಗಾಡಿ ಕೊಡೂದಿಲ್ಲ,” ಎಂದಷ್ಟೇ ಹೇಳಿ ಚೇತನಕುಮಾರ ಫೋನು ಇಟ್ಟ.

ಬೇವಿನ ನೆರಳಿನಲ್ಲಿ ಭಾಗ್ಯಜ್ಯೋತಿ ಬುತ್ತಿ ಬಿಚ್ಚಿದಳು. ಮೂವರ ಮುಂದೂ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ಚೇತನಕುಮಾರ ಚಟ್ನಿಯಲ್ಲಿ ಬೆರಳಿನಿಂದ ಗುಳಿ ಮಾಡಿ ಬುತ್ತಿಯೊಳಗಿನ ಕುಸುಬಿ ಎಣ್ಣೆಯ ಬಾಟಲಿಗೆ ಕೈ ಚಾಚಿದ. ಅವಳು ಬಾಟಲಿಯನ್ನು ಅವನಿಗಿಂತ ಮೊದಲೇ ಎತ್ತಿಕೊಂಡು, ಆ ಗುಳಿ ತುಂಬುವಷ್ಟು ತಾನೇ ಸುರಿದಳು.

“ಎಣ್ಣಿ ಹಾಕೂ ಜಾಗಾ ಇದು, ತಿಳೀತೇನ್ರಿ?” ಎಂದು ಬಾಟಲಿ ಕೆಳಗಿಟ್ಟು, ಅದೇ ಕೈಯನ್ನು ಅವನ ಜೇಬಿನ ಮುಂದೆ ಒಡ್ಡಿದಳು.